ಕೆನಾಂಗಳ ತೂಕ

ನನ್ನ ಸವತಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಹೆಸರು ಕೆನಾಂಗ, ಜಾತಿಯಲ್ಲಿ ಹೆಬ್ಬಾವು, ವಾಸ ಮಲಾಂಗ್ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿರುವ ಗಾಜಿನ ಪೆಟ್ಟಿಗೆ. ನಮ್ಮ ಯಜಮಾನರು ದನಾಂಗ್ ಅವರು ದೂರದ ಸುಲಾವೆಸಿ ದ್ವೀಪದ ನಿಕ್ಕಲ್ ಗಣಿಗೆ ಕೆಲಸಕ್ಕೆ ಹೋದ ಮೇಲೆ ಅವಳ ಚಾಕರಿ ನನ್ನ ಪಾಲಿಗೆ ಬಂತು. ಹಾವಿಗೆ ಹಾಲೆರೆಯಬಾರದು ಅನ್ನುತ್ತಾರೆ. ನಾನು ಇಲಿ ಬಡಿಸುತ್ತೇನೆ, ಅದೂ ಫ್ರಿಜ್ಜಿನಿಂದ ತೆಗೆದು, ಬಿಸಿನೀರಲ್ಲಿ ಮುಳುಗಿಸಿ, ಇಕ್ಕಳದಲ್ಲಿ ಹಿಡಿದು ಜೀವವಿದ್ದಂತೆ ಆಡಿಸಿ. ಭಾನುವಾರ ಡಬ್ಬಿಯಲ್ಲಿ ಕೂರಿಸಿ ತೂಗಬೇಕು. ತಿಂದಳೇ, ಎಷ್ಟು ಗ್ರಾಂ, ಪೊರೆ ಬಿಟ್ಟಳೇ ಎಂದು ಮೊಬೈಲಿನ ಪಟ್ಟಿಯಲ್ಲಿ ತುಂಬಬೇಕು. ಅವರು ಅಲ್ಲಿಂದಲೇ ನೋಡುತ್ತಾರೆ. ತೂಕದ ಗೆರೆ ಮೇಲೇರಿದ ದಿನ ಒಂದು ಹೂವಿನ ಚಿತ್ರ ಬರುತ್ತದೆ. ಹೂವು ಅವಳಿಗೆ, ನನಗಲ್ಲ.

ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಿತ್ತು. ಆಸ್ಪತ್ರೆಯಿಂದ ದಿನಾ ಪ್ಲೇಟ್‌ಲೆಟ್ ಲೆಕ್ಕ ಕಳಿಸಿದೆ. ಗೆರೆ ಇಳಿಯುತ್ತಲೇ ಇತ್ತು. "ಸೀಬೆಹಣ್ಣಿನ ರಸ ಕುಡಿ ದಿಕ್, ಸರಿಹೋಗತ್ತೆ" ಎಂದು ಉತ್ತರ ಬಂತು. ನಾನು ಅವರನ್ನು ಮಾಸ್ ಅನ್ನುವ ಹಾಗೆ ಹೆಂಡತಿಯನ್ನು ದಿಕ್ ಎಂದು ಮುದ್ದಾಗಿ ಕರೆದುಬಿಟ್ಟರೆ ಮುಗಿಯಿತೇ? ರಜೆ ಸಿಗಲಿಲ್ಲವಂತೆ.

ಪೆಟ್ಟಿಗೆ ಒರೆಸುವಾಗೆಲ್ಲ ನಾನು ಗೊಣಗುವುದನ್ನು ಕೇಳಿ ಅತ್ತೆಗೆ ನಗು.

"ಏನೇ ವೆನಿಂಗ್, ಹಾವಿನ ಮೇಲೂ ಹೊಟ್ಟೆಕಿಚ್ಚಾ? ನೀನೂ ಹೋಗಿ ತಕ್ಕಡಿ ಹತ್ತು, ನೋಡ್ತಾನೇನೋ!"

"ನಂಗೆ ಪೊರೆ ಬಿಡೋಕೆ ಬರಲ್ವಲ್ಲ ಇಬು" ಎಂದೆ ಅತ್ತೆಗೆ.

ಹೌದು, ಹೊಟ್ಟೆಕಿಚ್ಚೇ. ಅವಳಿಗಾದರೆ ಬರುತ್ತಾರೋ ನೋಡೇಬಿಡಬೇಕು ಅನ್ನಿಸಿತು. ಇಲಿಯನ್ನು ಗುಳುಂ ಎಂದು ನುಂಗಿ ಮಲಗಿದ್ದ ಅವಳ ಹೆಸರಿನ ಮುಂದೆ 'ತಿನ್ನಲಿಲ್ಲ' ಎಂದು ಬರೆದೆ. "ಪೊರೆ ಬಿಡೋ ಟೈಮಿರ್ಬೇಕು, ಬಿಡು" ಎಂದರು. ಹಾವು ಸಾಕುವವರು ಉಪವಾಸಕ್ಕೆಲ್ಲ ಜಗ್ಗುವುದಿಲ್ಲ. ಅವರ ಎದೆ ಒಡೆಯುವ ಮಾತು ಬೇರೆಯೇ ಇದೆ. ಮರುವಾರ ಅದನ್ನೇ ಬರೆದೆ: 'ನುಂಗಿದ್ದನ್ನು ಕಕ್ಕಿದಳು.'

ತಕ್ಷಣ ಫೋನು ಬಡಿದುಕೊಂಡಿತು.

"ದಿಕ್, ಇಡೀ ಇಲಿ ಆಚೆ ಬಂತಾ? ಅವಳನ್ನ ಮುಟ್ಬೇಡ! ಶಾಖ ಸರಿ ಇದ್ಯಾ? ನೀರಿಟ್ಟಿದ್ಯಾ? ತಡಿ, ನಾನೇ ಬರ್ತೀನಿ."

ಎರಡು ವಿಮಾನ ಬದಲಿಸಿ ಬಂದೇ ಬಿಟ್ಟರು. ನಾನು ಹೊಸ ಬಟ್ಟೆ ಉಟ್ಟು, ಅವರಿಗಿಷ್ಟವಾದ ರಾವೊನ್ ಸಾರು ಕುದಿಸಿ ಬಾಗಿಲಲ್ಲಿ ನಿಂತಿದ್ದೆ. ಬೂಟು ಕೂಡ ಬಿಚ್ಚದೆ ನನ್ನನ್ನು ದಾಟಿ ಪೆಟ್ಟಿಗೆಯ ಹತ್ತಿರ ಹೋದರು. ಹೊಟ್ಟೆ ಸವರಿದರು, ಬಾಯಿ ನೋಡಿದರು, ತೂಗಿದರು. ಗೆರೆ ಇಳಿದಿರಲಿಲ್ಲ, ಏರಿತ್ತು. ಓಡಿ ಬಂದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು.

"ಉಳಿಸಿಬಿಟ್ಟೆ ಕಣೇ! ಕಕ್ಕಿದ ಹಾವು ಇಷ್ಟು ಬೇಗ ಚೇತರಿಸ್ಕೊಳ್ಳಲ್ಲ. ಏನ್ ಮಾಡ್ದೆ?"

"ಏನಿಲ್ಲ" ಎಂದೆ. ಆ ಅಪ್ಪುಗೆಯೂ ಅವಳ ಲೆಕ್ಕಕ್ಕೇ ಸೇರಿದ್ದು. ಆದರೂ ಬಿಡಿಸಿಕೊಳ್ಳಲಿಲ್ಲ. "ಎಷ್ಟು ದಿನ ಇರ್ತೀರಾ ಮಾಸ್?"

"ನಾಳಿದ್ದು ಹೊರಡ್ಬೇಕು. ಲೆಬರಾನ್ ಹಬ್ಬದ ರಜೇನ ಇದಕ್ಕೇ ಹಾಕ್ಬಿಟ್ಟೆ. ಹಬ್ಬಕ್ಕೆ ಬರೋಕಾಗಲ್ಲ." ಹಾವನ್ನು ಎತ್ತಿ ಕೊರಳಿಗೆ ಹಾಕಿಕೊಂಡರು. "ಈ ಸಲ ಕೆದಿರಿಗೆ ನಿಮ್ಮಮ್ಮನ ಮನೇಗೆ ಕರ್ಕೊಂಡು ಹೋಗೋಣ, ವಾರ ಪೂರ್ತಿ ನಿನ್ ಜೊತೇನೇ ಇರೋಣ ಅಂತಿದ್ದೆ. ರೈಲಿಗೆ ಸೀಟು ಕೂಡ ಹಿಡಿದಿದ್ದೆ, ನಿಂಗೆ ಹೇಳದೆ. ನಿನ್ನೆ ರದ್ದು ಮಾಡ್ದೆ. ಬೇಜಾರಾಯ್ತಾ?"

"ಇಲ್ಲ ಮಾಸ್. ಅವಳು ಉಳಿದ್ಲಲ್ಲ, ಸಾಕು."

ಸಾರು ಬಡಿಸಲು ಒಳಗೆ ಹೋದೆ. ಆ ಹಾವಿನ ಮೇಲೆ ನನಗೆ ಆಗ ಯಾವ ಸಿಟ್ಟೂ ಇರಲಿಲ್ಲ. ಆ ಸುಳ್ಳು ಬರೆಯದೆ, ಹಬ್ಬದ ಬೆಳಿಗ್ಗೆ ಗಂಡನ ಪಕ್ಕ ಕೂತು ಕೆದಿರಿಯ ರೈಲಿನಲ್ಲಿ ಹೋಗಬೇಕಿದ್ದ ಇನ್ನೊಬ್ಬ ವೆನಿಂಗ್ ಮೇಲೆ ಹೊಟ್ಟೆ ಉರಿಯುತ್ತಿತ್ತು.