ಕಂಡದ್ದು ಹೇಳಿ, ಅನಿಸಿದ್ದು ಬೇಡ

ನನಗೆ ದಡ್ಡಿಯಾಗುವುದನ್ನು ಕಲಿಸಿದವಳು ಸಿಂಚನಾ. ಆಗ ಅವಳಿಗೆ ಇಪ್ಪತ್ತೊಂದು ವರ್ಷ, ನನಗೆ ಹೆಚ್ಚು ಕಡಿಮೆ ಅವಳ ತಾಯಿಯ ವಯಸ್ಸು.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಸರ್ಜಿಕಲ್ ವಾರ್ಡಿನಲ್ಲಿ ದುಡಿದವಳು ನಾನು. ಕೊನೆಕೊನೆಗೆ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಹೊಸದಾಗಿ ಬಂದ ಡಾಕ್ಟರ್ ಹುಡುಗರು ಔಷಧಿ ಬರೆಯುವ ಮೊದಲು ಒಮ್ಮೆ ಅರುಂಧತಿ ಸಿಸ್ಟರ್ ಮುಖ ನೋಡುತ್ತಿದ್ದರು. ನಾನು ಹುಬ್ಬು ಗಂಟು ಹಾಕಿದರೆ ಪೆನ್ನು ನಿಲ್ಲುತ್ತಿತ್ತು. ಗಂಡ ಬದರಿನಾಥ್‌ಗೆ ಪಾಯಾ ಲೆಬಾರ್‌ನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಸಿಂಗಪುರಕ್ಕೆ ಬಂದು, ಸೆಂಗ್‌ಕಾಂಗ್‌ನ ಫ್ಲ್ಯಾಟಿನಲ್ಲಿ ಆರು ವರ್ಷ ಅಡುಗೆ ಮಾಡಿಕೊಂಡು ಕೂತೆ. 2014ರಲ್ಲಿ ಇನ್ನು ಸಾಕೆನಿಸಿ ಲೈಸೆನ್ಸಿಗೆ ಅರ್ಜಿ ಹಾಕಿದೆ. ನನ್ನ ಡಿಪ್ಲೊಮಾ ಹಳೆಯದು, ಕೆಲಸ ಬಿಟ್ಟ ಕಾಲ ಹೆಚ್ಚಾಯಿತು, ಹಾಗಾಗಿ ಸ್ಟಾಫ್ ನರ್ಸ್ ಆಗುವಂತಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎನ್‌ರೋಲ್ಡ್ ನರ್ಸ್ ಪರೀಕ್ಷೆಗೆ ಕೂರಬಹುದು ಎಂದು ಉತ್ತರ ಬಂತು. ಅಲ್ಲಿಯವರೆಗೆ ಕಾಕಿ ಬುಕಿತ್ ಕಡೆಯ ನರ್ಸಿಂಗ್ ಹೋಮ್ ಒಂದರಲ್ಲಿ ಅಟೆಂಡೆಂಟ್. ಹೆಸರು ಏನೇ ಇರಲಿ, ಆಯಾ ಕೆಲಸ. ಡಯಾಪರ್ ಬದಲಿಸುವುದು, ಗಂಜಿ ಕುಡಿಸುವುದು.

ಕೆಳಗಿನ ಮೆಟ್ಟಿಲು ತಾನೆ, ಕಣ್ಣು ಮುಚ್ಚಿ ಪಾಸಾಗುತ್ತೇನೆ ಅಂದುಕೊಂಡೆ. ಫೇಲಾದೆ. ಇನ್ನೊಂದು ಸಲ ಫೇಲಾದರೆ ಮತ್ತೆ ಕಳಿಸುವುದಿಲ್ಲ ಎಂದು ನರ್ಸಿಂಗ್ ಹೋಮಿನವರು ಖಡಾಖಂಡಿತವಾಗಿ ಹೇಳಿದರು. ಅಂದರೆ ಈ ದೇಶದಲ್ಲಿ ಇರುವಷ್ಟು ದಿನ ನಾನು ಆಯಾ.

"ನಿಂಗ್ಯಾಕೆ ಈ ರಗಳೆ? ಮನೇಲಿ ಆರಾಮಾಗಿರು," ಅಂದರು ಬದರಿನಾಥ್. ಆರಾಮು ಎಂಬ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಿಂಚನಾ ನಮ್ಮದೇ ಬ್ಲಾಕಿನ ಮೈಥಿಲಿಯ ಮಗಳು. ಶಾಲೆಯಲ್ಲಿ ಅಂಕ ಕಡಿಮೆ ಬಂದು, ಇಲ್ಲಿ ಓದಿನಲ್ಲಿ ಹಿಂದುಳಿದವರನ್ನು ಕಳಿಸುವ ಐಟಿಇಗೆ ಹೋಗಿ ಎನ್‌ರೋಲ್ಡ್ ನರ್ಸ್ ಆದವಳು. ಯುಗಾದಿ ಊಟಕ್ಕೆ ಸೇರಿದಾಗ ಯಾರಾದರೂ ಮಗಳೇನು ಮಾಡುತ್ತಾಳೆ ಎಂದು ಕೇಳಿದರೆ ಮೈಥಿಲಿ "ಮೆಡಿಕಲ್ ಲೈನ್" ಎಂದು ಹೇಳಿ ಪಾಯಸ ಬಡಿಸಲು ಎದ್ದು ಹೋಗುತ್ತಿದ್ದಳು. ಹುಡುಗಿ ಮಾತ್ರ ಗಟ್ಟಿಗಿತ್ತಿ. ಕೆಲಸ ಮಾಡುತ್ತಲೇ ಪಾಲಿಟೆಕ್ನಿಕ್ ಸೇರಿ ಸ್ಟಾಫ್ ನರ್ಸ್ ಆಗಲು ಓದುತ್ತಿದ್ದಳು. ನನ್ನ ಪಾಡು ಕೇಳಿ, ತಾನೇ ಹೇಳಿಕೊಡುತ್ತೇನೆ ಅಂದಳು.

ಮನೆಯಲ್ಲಿ ಬದರಿನಾಥರ ಕಾನ್ಫರೆನ್ಸ್ ಕಾಲ್ ಗದ್ದಲ. ಭಾನುವಾರ ಮಧ್ಯಾಹ್ನ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ತೆರೆದ ಜಾಗದಲ್ಲಿ, ಕಲ್ಲು ಮೇಜಿನ ಮುಂದೆ ಕೂರುತ್ತಿದ್ದೆವು. ಅವಳು ಕೋಡುಬಳೆ ಕಡಿಯುತ್ತ ಪ್ರಶ್ನೆ ಓದುತ್ತಿದ್ದಳು.

"ಹೊಟ್ಟೆ ಆಪರೇಷನ್ ಆಗಿ ನಾಲ್ಕು ಗಂಟೆ ಆದ ಪೇಷೆಂಟ್. ಚಡಪಡಿಸ್ತಿದಾನೆ. ಪಲ್ಸ್ ಏರ್ತಿದೆ, ಬಿಪಿ ಇಳೀತಿದೆ, ಹೊಟ್ಟೆ ಗಟ್ಟಿ. ಎನ್‌ರೋಲ್ಡ್ ನರ್ಸ್ ಮೊದಲು ಏನು ಮಾಡ್ಬೇಕು?"

ಪ್ರಶ್ನೆ ಮುಗಿಯುವ ಮೊದಲೇ ನನ್ನ ಕೈ ಓಡುತ್ತಿತ್ತು. ಮೈಸೂರಿನಲ್ಲಿ ಇಂಥದ್ದೇ ಒಬ್ಬ ರೋಗಿಯಿದ್ದ. ಸರ್ಜನ್ ಯಾವುದೋ ಮದುವೆಯಲ್ಲಿದ್ದರು. ಡ್ರಿಪ್ ಜೋರು ಮಾಡಿ, ರಕ್ತಕ್ಕೆ ಹೇಳಿ ಕಳಿಸಿ, ಥಿಯೇಟರ್ ತೆಗೆಸಿ, ಆಮೇಲೆ ಅವರಿಗೆ ಫೋನ್ ಮಾಡಿದ್ದೆ. ಅವನು ಬದುಕಿದ.

"ಒಳಗೆ ಬ್ಲೀಡಿಂಗ್ ಆಗ್ತಿದೆ. ಡ್ರಿಪ್ ಜೋರು ಮಾಡ್ಬೇಕು. ಆಪ್ಷನ್ ಬಿ."

"ರಾಂಗ್ ಲಾ, ಆಂಟಿ. ಡಿ. ಸ್ಟಾಫ್ ನರ್ಸ್‌ಗೆ ರಿಪೋರ್ಟ್ ಮಾಡ್ಬೇಕು."

"ಅವಳು ಬರೋ ಹೊತ್ತಿಗೆ ಅವನು ಸತ್ತಿರ್ತಾನೆ ಕಣೇ!"

"ಪೇಪರ್‌ನಲ್ಲಿ ಯಾರೂ ಸಾಯಲ್ಲ ಆಂಟಿ. ಬ್ಲೀಡಿಂಗ್ ಅಂತ ಡಿಸೈಡ್ ಮಾಡೋಕೆ ನೀವ್ಯಾರು? ನೀವು ಈಗ ಸಿಸ್ಟರ್ ಅಲ್ಲ, ಸಿಸ್ಟರ್‌ಗೆ ಹೇಳೋರು. ಹೊಟ್ಟೆ ಗಟ್ಟಿ ಇದೆ ಅನ್ನಿ, ಅಷ್ಟೇ. ಕಂಡದ್ದು ಹೇಳಿ, ಅನಿಸಿದ್ದು ಬೇಡ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವಳು ಹೇಳಿದ್ದೇ ಸರಿ. ನಾನು ಫೇಲಾದದ್ದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದದ್ದು ಹೆಚ್ಚಾಗಿ. ಪ್ರತಿ ಪ್ರಶ್ನೆಯಲ್ಲೂ ನಾನು ಹಳೆಯ ಇನ್‌ಚಾರ್ಜ್ ಆಗಿ ಉತ್ತರಿಸುತ್ತಿದ್ದೆ; ಅವರಿಗೆ ಬೇಕಾಗಿದ್ದವಳು ಅಳತೆ ತೆಗೆದು ವರದಿ ಒಪ್ಪಿಸುವವಳು. ರೋಗಿ ಮಾತ್ರೆಯ ಬಗ್ಗೆ ಕೇಳಿದರೆ ವಿವರಿಸಬಾರದು, ಸ್ಟಾಫ್ ನರ್ಸ್ ಮೊದಲೇ ಹೇಳಿದ್ದನ್ನು ನೆನಪಿಸಬೇಕು. ಗಾಯ ಕೀವಾಗಿದೆ ಎಂದು ತೀರ್ಮಾನಿಸಬಾರದು, ಹಳದಿ ಬಣ್ಣ, ವಾಸನೆ ಇದೆ ಎನ್ನಬೇಕು.

ಹದಿನಾಲ್ಕು ವರ್ಷ ಕಲಿತದ್ದನ್ನು ಭಾನುವಾರ ಭಾನುವಾರ ಕೂತು ಒರೆಸಿ ಹಾಕಿದೆ. ಮೊದಮೊದಲು ಮನಸ್ಸಿಗೆ ಹೊಳೆದದ್ದನ್ನು ನುಂಗಿಕೊಂಡು ಸರಿ ಉತ್ತರ ಹುಡುಕುತ್ತಿದ್ದೆ. ಬರಬರುತ್ತ ಹೊಳೆಯುವ ಮೊದಲೇ ಬಾಯಿ "ರಿಪೋರ್ಟ್" ಅನ್ನತೊಡಗಿತು. "ಸೂಪರ್ ಆಂಟಿ!" ಎಂದು ಸಿಂಚನಾ ಮೇಜು ಕುಟ್ಟಿದಳು. ನಾನೂ ನಕ್ಕೆ. ಇಷ್ಟು ಅವಮಾನದ ನಗು ನಾನು ಯಾವತ್ತೂ ನಕ್ಕಿರಲಿಲ್ಲ.

ಪಾಸಾದೆ. ಬದರಿನಾಥ್ ಕೇಕ್ ತಂದರು.

ಲೈಸೆನ್ಸ್ ಬಂದ ಹೊಸದರಲ್ಲಿ ಒಮ್ಮೆ ಹಳೆಯ ಚಾಳಿ ಎದ್ದಿತು. ಅಜ್ಜಿಯೊಬ್ಬಳ ಕಾಲು ಊದಿ, ಮಲಗಿದರೆ ಕೆಮ್ಮು ಬರುತ್ತಿತ್ತು. ಇದು ಹಾರ್ಟ್ ಫೇಲ್ಯೂರ್, ಡಾಕ್ಟರನ್ನು ಕರೆಸಿ ಎಂದು ಸ್ಟಾಫ್ ನರ್ಸಿಗೆ ಹೇಳಿದೆ. ನಾನು ಹೇಳಿದ್ದು ಸರಿಯೇ ಆಗಿತ್ತು. ಆದರೂ ಮ್ಯಾನೇಜರ್ ಕೋಣೆಗೆ ಕರೆಸಿ ಮಂಗಳಾರತಿ ಮಾಡಿದಳು. ರೋಗ ಯಾವುದೆಂದು ಹೇಳುವುದು ನಿನ್ನ ಕೆಲಸವಲ್ಲ, ಇನ್ನೊಮ್ಮೆ ಹೀಗಾದರೆ ಲೈಸೆನ್ಸ್ ಹೋಗುತ್ತದೆ, ನೆನಪಿಟ್ಟುಕೋ ಅಂದಳು. ಅಜ್ಜಿ ಹೇಗಿದ್ದಾಳೆಂದು ಕೇಳಲೂ ಇಲ್ಲ. ಆವತ್ತಿನಿಂದ ಬಾಯಿಗೆ ಬೀಗ ಹಾಕಿದೆ.

ಮರುವರ್ಷ ಸಿಂಚನಾ ಸ್ಟಾಫ್ ನರ್ಸ್ ಆಗಿ ನಮ್ಮಲ್ಲಿಗೇ ಬಂದಳು. ನಮ್ಮ ಮಹಡಿಗೆ ಅವಳೇ ಮೇಲಿನವಳು. ವಾರ್ಡಿನಲ್ಲಿ ನಾನು ಅವಳನ್ನು ಸಿಸ್ಟರ್ ಎಂದು, ಬಹುವಚನ ಹಚ್ಚಿಯೇ ಕರೆದೆ. "ಅಯ್ಯೋ, ನನಗೆ ಹಾಗನ್ಬೇಡಿ ಆಂಟಿ," ಅಂದಳು. ನಾನು ಬಿಡಲಿಲ್ಲ. ಅದರಲ್ಲಿ ನನಗೊಂದು ವಿಕಾರ ಖುಷಿಯಿತ್ತು.

ನಮ್ಮಲ್ಲಿ ಅಂಕಲ್ ಕ್ವೆಕ್ ಎಂಬ ಮುದುಕರಿದ್ದರು. ಮೂತ್ರಕ್ಕೆ ಟ್ಯೂಬ್ ಹಾಕಿತ್ತು. ಬೆಳಿಗ್ಗೆ ಮೈ ಒರೆಸಲು ಹೋದರೆ ಹೊಕ್ಕಿಯನ್ ಎಂಬ ಚೀನೀ ಭಾಷೆಯಲ್ಲಿ ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ನಾನೂ ಕನ್ನಡದಲ್ಲಿ ತಿರುಗಿ ಬೈಯುತ್ತಿದ್ದೆ. ಇಬ್ಬರಿಗೂ ಅದು ಒಗ್ಗಿತ್ತು.

ಆ ದಿನ ಅವರು ಬೈಯಲಿಲ್ಲ. ಗಂಜಿ ತುಟಿಯಿಂದ ಹೊರಗೆ ಬಂತು. ನನ್ನನ್ನು ನೋಡಿಯೂ ನೋಡದಂತಿದ್ದರು. ಕೈ ತಣ್ಣಗಿತ್ತು, ಉಸಿರು ಸ್ವಲ್ಪ ಜೋರು. ಅಳತೆ ತೆಗೆದೆ. ಎಲ್ಲವೂ ಗಡಿಯ ಅಂಚಿನಲ್ಲಿ, ಯಾವುದೂ ಗಡಿ ದಾಟಿರಲಿಲ್ಲ. ಜ್ವರವಿಲ್ಲ, ಬದಲಿಗೆ ಮೈ ತಂಪು.

ವಯಸ್ಸಾದವರಿಗೆ ಸೋಂಕು ರಕ್ತಕ್ಕೆ ಏರಿದಾಗ ಎಷ್ಟೋ ಸಲ ಜ್ವರ ಬರುವುದಿಲ್ಲ, ಹೀಗೇ ತಣ್ಣಗಾಗುತ್ತಾರೆ. ಅದು ನನಗೆ ಗೊತ್ತಿತ್ತು. ಹೋಗಿ ಸಿಂಚನಾಗೆ ತಾಪ, ನಾಡಿ, ಉಸಿರು, ಬಿಪಿ, ಗಂಜಿ ತಿನ್ನಲಿಲ್ಲ ಎಂಬುದು, ಎಲ್ಲ ಕ್ರಮವಾಗಿ ಒಪ್ಪಿಸಿದೆ. ಅವಳು ಬಂದು ಮುಟ್ಟಿ ನೋಡಿದಳು. ಸ್ವತಂತ್ರವಾಗಿ ವಾರ್ಡು ನೋಡಿಕೊಳ್ಳಲು ಶುರುಮಾಡಿ ತಿಂಗಳೂ ಆಗಿರಲಿಲ್ಲ. ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು.

"ಜ್ವರ ಅಂತೂ ಇಲ್ಲ ಅಲ್ವಾ? ಸುಮ್ನೆ ಆಂಬುಲೆನ್ಸ್ ಕರೆಸಿದ್ರೆ ಮ್ಯಾನೇಜರ್ ಸ್ಕ್ರೀಮ್ ಮಾಡ್ತಾರೆ. ಆಂಟಿ, ನಿಮಗೇನನ್ಸುತ್ತೆ?"

ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ಅದಕ್ಕಾಗಿ ಎಷ್ಟು ಹಂಬಲಿಸಿದ್ದೆ! ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ಕಂಡದ್ದು ಹೇಳಿದ್ದೀನಿ, ಸಿಸ್ಟರ್."

ಅವಳು ಅಳತೆಗಳನ್ನು ಚಾರ್ಟಿನಲ್ಲಿ ಬರೆದುಕೊಂಡಳು. ಆಮೇಲೆ, ಒಂದು ಗಂಟೆ ಬಿಟ್ಟು ಮತ್ತೆ ಅಳತೆ ತೆಗೆಯಿರಿ ಅಂದಳು. ತೆಗೆದೆ. ಹೇಳಿದೆ. ಇನ್ನೊಮ್ಮೆ ತೆಗೆದೆ. ಮಧ್ಯಾಹ್ನ ಬಿಪಿ ಕುಸಿದ ಮೇಲೆ ಆಂಬುಲೆನ್ಸ್ ಬಂತು. ಎರಡು ದಿನ ಬಿಟ್ಟು ಅಂಕಲ್ ಕ್ವೆಕ್ ಆಸ್ಪತ್ರೆಯಲ್ಲಿ ತೀರಿಹೋದರು. ರಕ್ತಕ್ಕೆ ಸೋಂಕು.

ಮೀಟಿಂಗಿನಲ್ಲಿ ಸಿಂಚನಾಳಿಗೆ ಎಲ್ಲರ ಮುಂದೆ ಬೈಗುಳ ಬಿತ್ತು. ನನ್ನನ್ನು ಮ್ಯಾನೇಜರ್ ಹೊಗಳಿದಳು. ಹೊತ್ತು ಹೊತ್ತಿಗೆ ಸರಿಯಾಗಿ ವರದಿ ಮಾಡಿದ್ದಾಳೆ, ಎನ್‌ರೋಲ್ಡ್ ನರ್ಸ್ ಅಂದರೆ ಹೀಗಿರಬೇಕು ಅಂದಳು. ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನನ್ನ ಶೂ ನೋಡುತ್ತಿದ್ದೆ.

ಹೊರಗೆ ಲಾಕರಿನ ಹತ್ತಿರ ಸಿಂಚನಾ ಅಡ್ಡ ನಿಂತಳು. ಅತ್ತು ಕಣ್ಣು ಕೆಂಪಾಗಿತ್ತು.

"ನಿಮಗೆ ಗೊತ್ತಿತ್ತು ಅಲ್ವಾ ಆಂಟಿ?"

"ಗೊತ್ತಿತ್ತು."

"ನಾನು ಕೇಳಿದ್ನಲ್ಲ. ಬಾಯಿಬಿಟ್ಟು ಕೇಳಿದ್ನಲ್ಲ."

ಮುದುಕ ನನ್ನವನೂ ಆಗಿದ್ದ, ನನಗೂ ಸಂಕಟವಾಗುತ್ತಿದೆ, ಬಾ ಇಲ್ಲಿ ಎಂದು ಅವಳನ್ನು ತಬ್ಬಿಕೊಳ್ಳಬಹುದಿತ್ತು. ಸಂಕಟವೇನೋ ಇತ್ತು. ಅದರ ಜೊತೆಗೇ, ಇಷ್ಟು ವರ್ಷ ನುಂಗಿಕೊಂಡದ್ದೂ ಇತ್ತು.

"ಪರೀಕ್ಷೆಯಲ್ಲಿ ಇದು ಸರಿ ಉತ್ತರ, ಸಿಸ್ಟರ್," ಅಂದೆ.

ಅವಳು ದಾರಿ ಬಿಟ್ಟಳು. ಅಂಕಲ್ ಕ್ವೆಕ್ ಹಾಸಿಗೆಗೆ ಈಗ ಬೇರೊಬ್ಬರು ಬಂದಿದ್ದಾರೆ. ನಾನು ಅಳತೆ ತೆಗೆದು ಹೋಗಿ ನಿಲ್ಲುತ್ತೇನೆ. "ಹೇಳಿ, ಅರುಂಧತಿ," ಅನ್ನುತ್ತಾಳೆ ಸಿಂಚನಾ. ಹೇಳುತ್ತೇನೆ. ಬರೆದುಕೊಳ್ಳುತ್ತಾಳೆ. ಮತ್ತೇನೂ ಕೇಳುವುದಿಲ್ಲ.