ಪುಕ್ಕಟೆ ಕೊಳದ ಬಂಗಾರದ ಮೀನು

ಏಳು ಸಮುದ್ರದಾಚೆ ಅಲ್ಲ, ನಮ್ಮ ಬೀದಿಯಲ್ಲೇ, ಎರಡು ಮಷಿನ್ ಹಿಡಿಸುವಷ್ಟು ಅಗಲದ ಹೊಲಿಗೆ ಅಂಗಡಿಯೊಂದಿದೆ. ಅತ್ತೆ ಕತ್ತರಿಸುತ್ತಾರೆ, ಸೊಸೆ ಹೊಲಿಯುತ್ತಾಳೆ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಬಂದರೆ ಶಾಲೆಯ ಯೂನಿಫಾರ್ಮ್ ಆರ್ಡರ್ ಹಿಡಿಯಬಹುದು ಅಂತ ಇಬ್ಬರೂ ವರ್ಷವಿಡೀ ಅತ್ತೆಯ ಖಾತೆಯಲ್ಲಿ ದುಡ್ಡು ಕೂಡಿಟ್ಟಿದ್ದರು.

ಮಷಿನ್ ತರಲು ಹೊರಟ ದಿನ ನೋಡಿದರೆ ಅರ್ಧವೂ ಉಳಿದಿಲ್ಲ!

"ಅತ್ತೆ, ದುಡ್ಡೆಲ್ಲಿ?"

ಅತ್ತೆ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಮೀನಿಗೆ ಹಾಕಿದೆ ಕಣೇ."

"ಯಾವ ಮೀನು? ನಮ್ಮನೇಲಿ ಮೀನು ಬಿಡೋಕೆ ಒಂದು ಬಕೆಟ್ಟೂ ಖಾಲಿ ಇಲ್ಲ!"

ಅತ್ತೆ ಮೊಬೈಲಿನಲ್ಲಿ ಒಂದು ಆಟ ತೋರಿಸಿದರು. ನೀಲಿ ಕೊಳ, ಕಣ್ಣೀರಿಡುವ ಪುಟ್ಟ ಮೀನು. 'ಹಸಿವಾಗ್ತಿದೆ, ಹತ್ತೇ ನಿಮಿಷ ಉಳಿದಿದೆ' ಅನ್ನುತ್ತಿತ್ತು.

ಸೊಸೆ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಅಕ್ಕನನ್ನು ಕರೆದಳು.

"ಆಟ ಪುಕ್ಕಟೆ ತಾನೇ? ಅವರೇನು ಕತ್ತು ಹಿಡಿದು ಕೇಳಿದ್ರಾ?" ಅಂದರು ಅತ್ತೆ.

"ಪುಕ್ಕಟೆ ಕೊಟ್ಟಿದ್ದು ತಪ್ಪಲ್ಲಮ್ಮ," ಅಂದಳು ರಿಪೇರಿ ಅಕ್ಕ. "ಆಟ ಮಾಡಿದವರಿಗೂ ಹೊಟ್ಟೆ ಇದೆ. ಈ ಮೀನಿಗೆ ಇಷ್ಟು ಅಂತ ನೇರವಾಗಿ ಮಾರಿದ್ರೆ ಅದು ವ್ಯಾಪಾರ. ಇಲ್ಲಿ ನಿಮ್ಮ ದುಡ್ಡನ್ನ ಮೊದಲು ಆಟದೊಳಗೆ ಮಾತ್ರ ನಡೆಯೋ ಮುತ್ತುಗಳಾಗಿ ಬದಲಾಯಿಸ್ತಾರೆ, ಖರ್ಚಾಗಿದ್ದು ಎಷ್ಟು ಅಂತಾನೇ ಗೊತ್ತಾಗಲ್ಲ. ಆ ಮುತ್ತುಗಳನ್ನ ಕೊಟ್ರೆ ಸಿಗೋದು ಮುಚ್ಚಿದ ಪೆಟ್ಟಿಗೆ. ಒಳಗೇನು?"

"ಅದೃಷ್ಟ ಇದ್ರೆ ಬಂಗಾರದ ಮೀನು."

"ಎಷ್ಟು ಸಲ ಬಂತು?"

"ಬರೀ ಪಾಚಿ," ಅಂದರು ಅತ್ತೆ ಮೆಲ್ಲಗೆ. ಕೋಪದಲ್ಲಿದ್ದ ಸೊಸೆಗೂ ನಗು ಬಂತು.

"ಗಂಟು ಕಟ್ಟಿಟ್ಟು, ಒಳಗೆ ಅಂಗಿ ಇರಬಹುದು, ಚಿಂದಿ ಇರಬಹುದು, ಹತ್ತು ನಿಮಿಷದಲ್ಲಿ ದುಡ್ಡು ಕೊಡಿ ಅಂತ ನೀವು ಮಾರ್ತೀರಾ?" ಅಂದಳು ರಿಪೇರಿ ಅಕ್ಕ.

"ಛೀ! ರೇಟು ಹೇಳದೆ ನಾನು ಯಾವತ್ತಾದ್ರೂ ಬಟ್ಟೆಗೆ ಕತ್ತರಿ ಹಾಕಿದ್ದೀನಾ?" ಅಂದವರು ಮತ್ತೆ ಮೊಬೈಲ್ ಕಡೆ ನೋಡಿದರು. ಆಮೇಲೆ, "ಆದ್ರೆ ಆ ಮೀನು ಸತ್ತೋದ್ರೆ?"

"ಮೂರು ದಿನ ಆಟ ತೆರೆಯದೆ ಬಿಟ್ಟು ನೋಡಿ."

ನಾಲ್ಕನೇ ದಿನ ತೆರೆದರೆ ಮೀನು ಆರಾಮಾಗಿ ಈಜುತ್ತಾ, ಹಸಿವು ಅಂತ ಅಳುತ್ತಿತ್ತು.

"ಕಳ್ಳ ಮುಂಡೇದೇ! ನಿನ್ನ ಚಿಂತೇಲಿ ನಾನಿಲ್ಲಿ ಊಟಾನೇ ಬಿಟ್ಟಿದ್ದೀನಿ!"

ರಿಪೇರಿ ಅಕ್ಕ ಖರೀದಿಗೆ ಪಾಸ್‌ವರ್ಡ್ ಹಾಕಿಕೊಟ್ಟಳು, ಹಣ ವಾಪಸ್ ಕೇಳಿ ಅರ್ಜಿಯನ್ನೂ ಕಳಿಸಿದಳು. ಕೊನೆಯ ವಾರ ಹಾಕಿದ ದುಡ್ಡು ಮಾತ್ರ ವಾಪಸ್ ಬಂತು. ಅದನ್ನೂ ಖಾತೆಯಲ್ಲಿ ಉಳಿದಿದ್ದನ್ನೂ ಸೇರಿಸಿ ಹಳೆಯ ಓವರ್‌ಲಾಕ್ ಮಷಿನ್ ಒಂದನ್ನು ಬಾಡಿಗೆಗೆ ತಂದರು. ಇಡೀ ಶಾಲೆಯದ್ದು ಅಲ್ಲದಿದ್ದರೂ, ಚಿಕ್ಕ ಮಕ್ಕಳ ಯೂನಿಫಾರ್ಮ್ ಆರ್ಡರ್ ಸಿಕ್ಕಿತು. ಅತ್ತೆ ಈಗಲೂ ಕೊಳ ನೋಡುತ್ತಾರೆ, ಆದರೆ ಬಿಡಿಗಾಸೂ ಬಿಚ್ಚುವುದಿಲ್ಲ.

ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಆಟ ಆಡಿ, ಖುಷಿಪಡಿ. ಆದರೆ ಆಟ ದುಡ್ಡು ಕೇಳಿದ ಕೂಡಲೇ ಬೆರಳು ತಡೆಯಿರಿ. ನಿಜವಾದ ಬೆಲೆ ಎಷ್ಟು, ಕೈಗೆ ಸಿಗುವುದೇನು, ಇಷ್ಟು ಅವಸರ ಯಾಕೆ ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಕೊಡಬೇಡಿ. ಈಗಾಗಲೇ ಕಳೆದುಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಇವತ್ತೇ ಮನೆಯಲ್ಲಿ ಹೇಳಿ. ಒಂದು ಗಳಿಗೆ ಬೈದಾರು, ಆಮೇಲೆ ಜೊತೆಗೆ ಕೂತು ದಾರಿ ಹುಡುಕುವವರೂ ಅವರೇ.