ಸಮುದ್ರಕ್ಕೆಂದು ತಂದ ಫ್ರಾಕು

ಸಮುದ್ರ ನೋಡಲು ಹೋಗುವುದೆಂದು ತೀರ್ಮಾನವಾಗಿ ಹದಿನೈದು ದಿನವಾಗಿತ್ತು. ಯಾವ ಸಮುದ್ರ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಯಲ್ದೂರಿನ ಅನಿತಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ಕುಕ್ಕರ್ ಕೊಳ್ಳಲು ಕೋಲಾರದ ಅಂಗಡಿಗಳನ್ನೆಲ್ಲ ಸುತ್ತಿ ಬಂದವಳು ಸಮುದ್ರವನ್ನು ಸುಮ್ಮನೆ ಆರಿಸಿಬಿಡುತ್ತಾಳೆಯೇ? ಅಲೆ ಜೋರಿರಬಾರದು, ನೀರು ತಟ್ಟನೆ ಆಳವಾಗಬಾರದು, ಮೂರು ವರ್ಷದ ಕದಿರೇಶನಿಗೆ ಬೆಳಿಗ್ಗೆ ಬಿಸಿಹಾಲು ಸಿಗಬೇಕು, ಏಳು ವರ್ಷದ ಧನಶ್ರೀಗೆ ಬಸ್ಸಿನಲ್ಲಿ ವಾಂತಿಯಾಗುವಷ್ಟು ದೂರವಿರಬಾರದು. ಮುರುಡೇಶ್ವರ ದೂರವಾಯಿತು. ಮಹಾಬಲಿಪುರದಲ್ಲಿ ಅಲೆ ಜೋರೆಂದು ಯಾರೋ ಹೆದರಿಸಿದರು. ಗಂಡ ಶಿವಶಂಕರ್ ನರಸಾಪುರದ ಫ್ಯಾಕ್ಟರಿಯಲ್ಲಿ ದಸರೆಗೆ ನಾಲ್ಕು ದಿನ ರಜ ಹಾಕಿ, ನೀರು ಉಪ್ಪಗಿದ್ದರೆ ಸಾಕು, ಎಲ್ಲಾದರೂ ಸರಿ ಎಂದು ಕೈ ತೊಳೆದುಕೊಂಡಿದ್ದ.

ಅತ್ತೆ ವೆಂಕಟರತ್ನಮ್ಮ ಮಾತ್ರ ಈ ವಿಷಯಕ್ಕೆ ಬಾಯಿ ಹಾಕಲಿಲ್ಲ. ಸಮುದ್ರದ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗಿಬಿಡುವರು.

ದಸರೆಗೆ ಮುಂಚೆ ಮಹಾಲಯ ಅಮಾವಾಸ್ಯೆ ಬಂತು. ಆ ಮನೆಯಲ್ಲಿ ಅವತ್ತು ಎರಡು ಎಡೆ. ಒಂದು ತೀರಿಕೊಂಡ ಮಾವ ಸುಬ್ಬರಾಯಪ್ಪನಿಗೆ, ಇನ್ನೊಂದು ಶಿವಶಂಕರನ ತಂಗಿ ಗಂಗಾಲಕ್ಷ್ಮಿಗೆ. ಅವಳು ಜ್ವರ ಬಂದು ತೀರಿಹೋದಾಗ ಅವಳಿಗೆ ಏಳು ವರ್ಷ, ಅದಾಗಿ ಈಗ ಮೂವತ್ತು ವರ್ಷ. ಪ್ರತಿ ಸಲವೂ ಅವಳ ಎಲೆಯ ಪಕ್ಕ ಒಂದು ಹೊಸ ಫ್ರಾಕು ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತಟ್ಟಿ ಒಳಗೆ ಹೋಗಬೇಕು. ಬಾಗಿಲು ಹಾಕುವಾಗ ವೆಂಕಟರತ್ನಮ್ಮ ತೆಲುಗಿನಲ್ಲಿ 'ತಿನಿ ಪೋಮ್ಮಾ' ಎನ್ನುವರು, ತಿಂದು ಹೋಗಮ್ಮ ಎಂದು. ಆಮೇಲೆ ಆ ಫ್ರಾಕು ಧನಶ್ರೀಗೆ.

ಈ ಸಲ ಅನಿತ ಜಾಣತನ ಮಾಡಿದಳು. ಪ್ರವಾಸಕ್ಕೆಂದು ಮಗಳಿಗೆ ತಂದ ನೀಲಿ ಫ್ರಾಕು ಮನೆಯಲ್ಲಿತ್ತು. ಹೇಗೂ ಹಾಕಿಕೊಳ್ಳುವವಳು ಅವಳೇ, ಅದನ್ನೇ ಇಟ್ಟರಾಯಿತು ಎಂದುಕೊಂಡು ಮಡಿಸಿ ಇಟ್ಟಳು. ಬಟ್ಟೆ ಯಾಕಿಷ್ಟು ತೆಳ್ಳಗಿದೆ ಎಂದು ಅತ್ತೆ ಕೇಳಿದರು. ಅನಿತ ಎಲೆಯ ಮುಂದೆ ನಿಂತೇ ಉತ್ತರ ಕೊಟ್ಟಳು.

"ಸಮುದ್ರಕ್ಕೆ ಕರ್ಕೊಂಡ್ ಹೋಗೋಕೆ ಅಂತ್ಲೇ ತಂದಿದ್ದು, ಅತ್ತೆ."

ಎಲೆಗೆ ಹೂವಿಡುತ್ತಿದ್ದ ವೆಂಕಟರತ್ನಮ್ಮನ ಕೈ ಅಲ್ಲೇ ನಿಂತಿತು. ಬಾಗಿಲು ಹಾಕುವಾಗ ಅವರು ಪ್ರತಿ ವರ್ಷದ ಆ ಮಾತನ್ನು ಹೇಳಲಿಲ್ಲ.

ಮತ್ತೆ ತೆಗೆದಾಗ ಅನ್ನ, ವಡೆ, ಪಾಯಸ ಎಲ್ಲ ಇಟ್ಟ ಹಾಗೇ ಇತ್ತು. ಮಡಿಸಿದ್ದ ಫ್ರಾಕು ಮಾತ್ರ ಬಿಚ್ಚಿಕೊಂಡು ನೆಲದ ಮೇಲೆ ಉದ್ದಕ್ಕೆ ಹಾಸಿತ್ತು, ಎರಡು ತೋಳೂ ಚಾಚಿಕೊಂಡಿದ್ದವು. ಫ್ಯಾನಿನ ಗಾಳಿ ಎಂದ ಶಿವಶಂಕರ್. ದೀಪ ಆರಬಾರದೆಂದು ಫ್ಯಾನು ನಿಲ್ಲಿಸಿದ್ದವಳು ಅನಿತಳೇ.

ಧನಶ್ರೀ ಆ ಫ್ರಾಕು ಮುಟ್ಟಲಿಲ್ಲ, ಅದು ಗಂಗತ್ತೆದು ಎಂದಳು. ಮಾರನೆ ದಿನದಿಂದ ಮೆಟ್ಟಿಲಿಳಿಯುವಾಗ ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಇಳಿಯತೊಡಗಿದಳು. ಬಿಸ್ಕತ್ತು ಕೊಟ್ಟರೆ ಅರ್ಧ ಮುರಿದು ಪಕ್ಕಕ್ಕೆ ಹಿಡಿಯುವಳು. ಮಕ್ಕಳಾಟ ಎಂದು ಅನಿತ ತನಗೆ ತಾನೇ ಹೇಳಿಕೊಂಡಳು, ಆದರೆ ಎದೆ ಒಪ್ಪಲಿಲ್ಲ.

ಮಗಳ ಮನಸ್ಸು ಬೇರೆ ಕಡೆ ತಿರುಗಲೆಂದು ಒಂದು ಸಂಜೆ ಫೋನಿನಲ್ಲಿ ಸಮುದ್ರಗಳ ಫೋಟೋ ತೋರಿಸಿ, ನೀನೇ ಆರಿಸು ಎಂದಳು. ಧನಶ್ರೀ ಒಂದೊಂದನ್ನೂ ನೋಡಿ ಪಕ್ಕಕ್ಕೆ ತಿರುಗುವಳು, ಆಮೇಲೆ ತಲೆಯಾಡಿಸುವಳು.

"ಇದ್ಯಾವ್ದೂ ಅಲ್ವಂತೆ. ನಡ್ಕೊಂಡು ಎಷ್ಟು ದೂರ ಹೋದ್ರೂ ಮೊಣಕಾಲವರೆಗೇ ನೀರಿರತ್ತಂತೆ. ಕೆಂಪು ದೋಣಿ ಮಗುಚಿ ಹಾಕಿರ್ತಾರಂತೆ. ಅದರ ನೆರಳಲ್ಲಿ ಒಂದಜ್ಜಿ ತಾಟಿನಿಂಗು ಮಾರ್ತಾಳಂತೆ."

ರಾಗಿ ಕೇರುತ್ತಿದ್ದ ವೆಂಕಟರತ್ನಮ್ಮ ಮೊರ ಕೆಳಗಿಟ್ಟರು. ಸೊಸೆಯನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದರು. ಸುಬ್ಬರಾಯಪ್ಪ ಒಮ್ಮೆ ಮಾವಿನಕಾಯಿ ಲಾರಿಯಲ್ಲಿ ನೆಲ್ಲೂರಿಗೆ ಹೋದವನು ಅಲ್ಲಿಂದಾಚೆ ಬೆಸ್ತರ ಒಂದು ಊರಿನಲ್ಲಿ ಸಮುದ್ರ ನೋಡಿ ಬಂದಿದ್ದನಂತೆ. ಜ್ವರದಲ್ಲಿ ಮಲಗಿದ್ದ ಮಗಳ ತಲೆ ಸವರುತ್ತ ಆ ದೋಣಿ, ತಾಳೆಹಣ್ಣು ಮಾರುವ ಆ ಮುದುಕಿಯ ಕತೆ ಹೇಳಿ, ಹುಷಾರಾದರೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ. ಅದನ್ನು ಕೇಳಿದವರು ಇಬ್ಬರೇ, ಮಗಳು ಮತ್ತು ತಾಯಿ.

ಅನಿತ ಅಂದೇ ರಾತ್ರಿ, ಯಾವ ಸಮುದ್ರವೂ ಬೇಡ, ದಸರೆಗೆ ಮನೆಯಲ್ಲೇ ಇರೋಣ ಎಂದು ಗಂಡನನ್ನು ಒಪ್ಪಿಸಿದಳು. ಧನಶ್ರೀಗೆ ಹೇಳಿದಾಗ ಅವಳು ಅಳಲಿಲ್ಲ. ಪಕ್ಕಕ್ಕೆ ಕಿವಿಗೊಟ್ಟು ನಿಂತು, ಸಮಾಧಾನವಾಗಿ ಹೇಳಿದಳು.

"ಹೋಗ್ದಿದ್ರೆ ಪರ್ವಾಗಿಲ್ವಂತೆ ಅಮ್ಮ. ನನ್ ಜೊತೇನೇ ಇರ್ತಾಳಂತೆ, ಯಾವಾಗ್ಲೂ."

ಬೆಳಗಾಗುವಷ್ಟರಲ್ಲಿ ಮಗುವಿನ ಮೈ ಸುಡುತ್ತಿತ್ತು. ಡಾಕ್ಟರ ಔಷಧಿಗೆ ಎರಡು ದಿನವಾದರೂ ಜ್ವರ ಬಗ್ಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ವೆಂಕಟರತ್ನಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ಮೊಮ್ಮಗಳು ಮಲಗಿದ್ದ ಕೋಣೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ತೆಲುಗು ಮಾತು ಸಣ್ಣಗೆ ಕೇಳುತ್ತಿತ್ತು. ಬೈಗುಳವಲ್ಲ, ಹಟ ಹಿಡಿದ ಮಗುವನ್ನು ಒಲಿಸುವ ಮಾತು.

ಹೊರಗೆ ಬಂದಾಗ ಅವರ ಬಲಗೈ ಮೈಯಿಂದ ಸ್ವಲ್ಪ ದೂರಕ್ಕಿತ್ತು, ಬೆರಳು ಅರ್ಧ ಮಡಿಸಿಕೊಂಡಿದ್ದವು. ಯಾವತ್ತೂ ದಡದಡನೆ ನಡೆಯುವವರು ಸಣ್ಣ ಹೆಜ್ಜೆ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಧನಶ್ರೀ ಬೆವರಿ, ಎದ್ದು ಕೂತು ಅನ್ನ ಕೇಳಿದಳು. ಅನ್ನವನ್ನು ಪೂರ್ತಿ ತಾನೇ ತಿಂದಳು.

ಅತ್ತೆ ಜಗಲಿಯಲ್ಲಿ ಕೂತು ಅನಿತಳನ್ನು ಕರೆದರು. ನೆಲ್ಲೂರಿನ ಆಚೆಯ ಆ ಊರಿಗೇ ಹೋಗೋಣ, ನಾನೂ ಬರುತ್ತೇನೆ ಎಂದರು.

"ನಿನ್ನಿಬ್ರನ್ನ ನೀನು ಹಿಡ್ಕೊಮ್ಮ. ಇವಳನ್ನ ನಾನು ಹಿಡ್ಕೋತೀನಿ. ಅಪ್ಪನೂ ಮೋಸ ಮಾಡ್ದ, ನಾನೂ ಪ್ರತಿ ವರ್ಷ ತಿಂದು ಹೋಗು ಅಂತ ಕಳಿಸ್ದೆ, ಇನ್ನು ಒಬ್ಳೇ ಇರಲ್ಲ ಅಂತಾಳೆ. ನಂಗೆ ಹೋಗೋಕೆ ಮಾತ್ರ ಟಿಕೆಟ್ ಮಾಡ್ಸು. ಬರೋಕೆ ಬೇಡ."

ಅನಿತ ಬೇಡವೆನ್ನಬೇಕಿತ್ತು, ಕಾಲು ಹಿಡಿಯಬೇಕಿತ್ತು. ಆದರೆ ಅವಳಿಗೆ ಮೊದಲು ಬಂದದ್ದು ನೆಮ್ಮದಿ, ನಾಚಿಕೆ ಬಂದದ್ದು ಅದರ ಹಿಂದೆ. ಒಳಗೆ ಧನಶ್ರೀ ತಮ್ಮನ ಜೊತೆ ನಗುತ್ತಿದ್ದಳು. ಆ ನಗು ಕೇಳುತ್ತ ಅನಿತ ಫೋನು ತೆಗೆದಳು. ಮುಳಬಾಗಿಲಲ್ಲಿ ಹತ್ತುವುದು, ಕದಿರೇಶ ಮಡಿಲಲ್ಲಿ, ಅವನಿಗೆ ಟಿಕೆಟ್ ಬೇಡ; ಹೋಗುವಾಗ ದೊಡ್ಡವರು ಮೂವರು, ಮಗು ಒಂದು. ಬರುವಾಗ ದೊಡ್ಡವರು ಇಬ್ಬರು, ಮಗು ಒಂದು. ಗಂಡ ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತಲೇ ಅವಳು ಗುಂಡಿ ಒತ್ತಿದಳು.